ಎರೆನೆಲದಲ್ಲಿ ಟಪಾಲು ಪೆಟ್ಟಿಗೆಯ ಕಂಬ: ಆರಿಸುವ ಬಗೆ, ನೆಡುವ ಬಗೆ



ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲ್ಲೂಕುಗಳಲ್ಲಿ ಊರು ಬಿಟ್ಟು ಹೊಲದಲ್ಲಿಯೇ ಮನೆ ಕಟ್ಟಿಕೊಂಡಿರುವ ಕುಟುಂಬಗಳು ಸಾಕಷ್ಟು ಇವೆ. ಬಿತ್ತನೆಯ ಕಾಲದಲ್ಲಿ, ತೊಗರಿ ರಾಶಿಯ ಕಾಲದಲ್ಲಿ ಮನೆಮಂದಿಯೆಲ್ಲ ಹೊಲದಲ್ಲಿರುತ್ತಾರೆ. ಅಂಥ ಹೊತ್ತಿನಲ್ಲಿ ಟಪಾಲಿನವರು ಬಂದರೆ ಪತ್ರವನ್ನು ಯಾರ ಕೈಗೆ ಕೊಡಬೇಕು? ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ಹೋಗುತ್ತಾರೆ, ಇಲ್ಲವೆ ಪಕ್ಕದ ಹೊಲದ ಹುಡುಗನ ಕೈಗೆ ಕೊಡುತ್ತಾರೆ. ಸಂದಿಯಲ್ಲಿಟ್ಟ ಪತ್ರವನ್ನು ಗಾಳಿ ಒಯ್ಯುತ್ತದೆ, ಮಳೆ ತೋಯಿಸುತ್ತದೆ, ಆಡು ಸಿಕ್ಕರೆ ತಿಂದೇ ಬಿಡುತ್ತದೆ.

ಎಲ್ಲವೂ ಮೊಬೈಲಿನಲ್ಲಿ ಬರುವ ಈ ದಿನಗಳಲ್ಲಿಯೂ ಟಪಾಲಿನ ಕೆಲಸ ಮುಗಿದಿಲ್ಲ. ಬ್ಯಾಂಕಿನ ಕಾಗದ, ವಿಮಾ ಕಂತಿನ ಸೂಚನೆ, ಕಚೇರಿಯ ತಿಳಿವಳಿಕೆ ಪತ್ರ, ಕೆಲಸಕ್ಕೆ ಅರ್ಜಿ ಹಾಕಿದ ಮಗನಿಗೋ ಮಗಳಿಗೋ ಬರುವ ಉತ್ತರ, ಇವು ಇನ್ನೂ ಕಾಗದದ ಮೇಲೆಯೇ ಬರುವುದುಂಟು. ಇವುಗಳಲ್ಲಿ ಹಲವಕ್ಕೆ ಗಡುವು ಇರುತ್ತದೆ. ಗಡುವು ಮೀರಿ ಸಿಕ್ಕ ಪತ್ರವು ಸಿಗದ ಪತ್ರಕ್ಕೆ ಸಮ. ಆದುದರಿಂದ ಮನೆಯ ಮುಂದೆ ಒಂದು ಟಪಾಲು ಪೆಟ್ಟಿಗೆ ಇಡುವುದು ಒಳ್ಳೆಯದು. ಪೆಟ್ಟಿಗೆ ಮಾಡಿಸುವುದು ಸುಲಭ. ಅದನ್ನು ಹೊರುವ ಕಂಬ ನಮ್ಮ ಎರೆನೆಲದಲ್ಲಿ ನೆಟ್ಟಗೆ ನಿಲ್ಲುವುದೇ ಕಠಿಣ. ಈ ಲೇಖನ ಆ ಕಂಬದ ವಿಷಯವಾಗಿದೆ.

ಕಂಬ ಯಾರಿಗೆ ಬೇಕು, ಯಾರಿಗೆ ಬೇಡ

ಊರೊಳಗೆ, ಓಣಿಯಲ್ಲಿ, ಕಲ್ಲು ಗೋಡೆಯ ಮನೆ ಇದ್ದವರಿಗೆ ಕಂಬದ ಅವಶ್ಯಕತೆ ಇಲ್ಲ. ಬಾಗಿಲ ಪಕ್ಕದ ಗೋಡೆಗೆ ಪೆಟ್ಟಿಗೆ ತೂಗುಹಾಕಿದರೆ ಸಾಕು. ದಾರಿಯಿಂದ ಮನೆ ದೂರವಿದ್ದವರು, ಗೋಡೆ ಮಣ್ಣಿನದಾಗಿದ್ದು ಮೊಳೆ ಹಿಡಿಯದಿದ್ದವರು, ಅಂಗಳದಲ್ಲಿ ನಾಯಿ ಕಟ್ಟಿದವರು, ಇವರಿಗೆ ದಾರಿಯ ಮಗ್ಗುಲಲ್ಲಿ ಕಂಬ ಬೇಕಾಗುತ್ತದೆ.

ಕೆಲಸಕ್ಕೆ ಕೈ ಹಚ್ಚುವ ಮೊದಲು ನಿಮ್ಮ ಶಾಖಾ ಅಂಚೆ ಕಚೇರಿಗೆ ಹೋಗಿ ಮಾತಾಡಿರಿ. ಟಪಾಲಿನವರು ನಿಮ್ಮ ಹೊಲದ ದಾರಿಗೆ ಬರುತ್ತಾರೆಯೇ, ಎಲ್ಲಿಯವರೆಗೆ ಬರುತ್ತಾರೆ, ಪೆಟ್ಟಿಗೆ ಎಲ್ಲಿದ್ದರೆ ಅವರಿಗೆ ಅನುಕೂಲ ಎಂಬುದನ್ನು ಕೇಳಿ ತಿಳಿಯಿರಿ. ಇನ್ನೊಂದು ಮಾತು ನೆನಪಿರಲಿ: ಸಹಿ ಪಡೆದು ಕೊಡಬೇಕಾದ ಟಪಾಲು ಮತ್ತು ಹಣ ಪೆಟ್ಟಿಗೆಗೆ ಬೀಳುವುದಿಲ್ಲ, ಅವು ಕೈಯಲ್ಲಿಯೇ ಕೊಡತಕ್ಕವು. ಪೆಟ್ಟಿಗೆ ಇರುವುದು ಸಾಧಾರಣ ಪತ್ರ, ಪತ್ರಿಕೆಗಳಿಗಾಗಿ.

ನಮ್ಮ ನೆಲದ ಗುಣ

"ತಮ್ಮಾ, ಬೇಲಿಗೆ ಕಂಬ ನಟ್ಟು ನಟ್ಟು ನಮ್ಮ ಕೈ ಜಡ್ಡುಗಟ್ಟ್ಯಾವ. ಕಂಬ ನಡೂದು ನಮಗೇನ್ ಕಲಿಸ್ತಿ?" ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು.

"ಖರೆ ಅದ ಕಾಕಾ. ಆದ್ರ ನಿಮ್ಮ ಬೇಲಿ ಕಂಬ ಮೂರು ವರ್ಷದಾಗ ಎಷ್ಟು ನೆಟ್ಟಗ ಉಳದಾವ, ಹೇಳ್ರಿ?" ಎಂದೆ.

ಅವರು ನಕ್ಕು, "ಒಂದೂ ಇಲ್ಲ ಬಿಡು. ಎಲ್ಲಾ ಕುಡದವರ ಗತೆ ವಾಲ್ಯಾವ" ಎಂದರು.

ಬೇಲಿಯ ಕಂಬ ವಾಲಿದರೆ ಪಕ್ಕದ ಕಂಬ, ತಂತಿ ಅದನ್ನು ಹಿಡಿದಿರುತ್ತವೆ. ಟಪಾಲು ಪೆಟ್ಟಿಗೆಯ ಕಂಬ ಒಂಟಿ. ಅದಕ್ಕೆ ತನ್ನ ಬುಡವೇ ಆಧಾರ. ತಲೆಯ ಮೇಲೆ ಪೆಟ್ಟಿಗೆಯ ಭಾರ ಬೇರೆ, ಗಾಳಿಯ ಹೊಡೆತ ಬೇರೆ.

ನಮ್ಮ ಕರಿ ಎರೆಮಣ್ಣಿನಲ್ಲಿ ಬಹು ಸಣ್ಣ ಜಿಗುಟು ಕಣಗಳು ಹೆಚ್ಚು. ಈ ಜಿಗುಟಿನಲ್ಲಿರುವ ಮುಖ್ಯ ಖನಿಜಕ್ಕೆ ವಿಜ್ಞಾನಿಗಳು ಮಾಂಟ್‌ಮೋರಿಲೋನೈಟ್ ಎಂದು ಹೆಸರಿಟ್ಟಿದ್ದಾರೆ. ಇದರ ಕಣವು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುತ್ತದೆ. ನೀರು ಸೇರಿದಾಗ ಹಾಳೆಗಳ ನಡುವೆ ಹೊಕ್ಕು ಅವುಗಳನ್ನು ದೂರ ತಳ್ಳುತ್ತದೆ, ಮಣ್ಣು ಹಿಗ್ಗುತ್ತದೆ. ನೀರು ಆರಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ತೊಗರಿ ಕೊಯ್ದ ಹೊಲದಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕುಗಳನ್ನು ನೀವೆಲ್ಲ ಕಂಡಿದ್ದೀರಿ. ಮುಂಗಾರು ಬಿದ್ದ ಮೇಲೆ ಅವೇ ಬಿರುಕುಗಳು ಗುರುತು ಸಿಗದಂತೆ ಮುಚ್ಚಿಹೋಗುತ್ತವೆ.

ಈ ಹಿಗ್ಗು ಕುಗ್ಗುಗಳಲ್ಲಿ ಕಂಬದ ಗತಿ ಹೀಗಾಗುತ್ತದೆ. ಬೇಸಿಗೆಯಲ್ಲಿ ಕಂಬದ ಒಂದು ಮಗ್ಗುಲಲ್ಲಿ ಬಿರುಕು ಬಿಡುತ್ತದೆ. ಆ ಬಿರುಕಿನೊಳಗೆ ಪುಡಿಮಣ್ಣು, ಕಸ, ಹರಳು ಬೀಳುತ್ತವೆ. ಮಳೆ ಬಂದು ಮಣ್ಣು ಹಿಗ್ಗಿದಾಗ ಬಿರುಕಿಗೆ ಮೊದಲಿನಂತೆ ಮುಚ್ಚಿಕೊಳ್ಳಲು ಎಡೆಯಿಲ್ಲ. ಆ ಒತ್ತಡವೆಲ್ಲ ಕಂಬದ ಮೇಲೆ ಬಿದ್ದು ಅದು ಎದುರು ಮಗ್ಗುಲಿಗೆ ತುಸು ವಾಲುತ್ತದೆ. ಜೊತೆಗೆ ಹಿಗ್ಗುವ ಮಣ್ಣು ಕಂಬವನ್ನು ಅಪ್ಪಿಕೊಂಡು ಮೇಲಕ್ಕೆ ಎತ್ತುತ್ತದೆ. ಎತ್ತಿದಾಗ ಬುಡದ ಕೆಳಗೆ ಮಣ್ಣು ಸೇರಿಕೊಳ್ಳುವುದರಿಂದ ಬೇಸಿಗೆಯಲ್ಲಿ ಕಂಬ ಮೊದಲಿನ ಮಟ್ಟಕ್ಕೆ ಇಳಿಯುವುದಿಲ್ಲ. ವರ್ಷಕ್ಕೆ ಅರ್ಧ ಇಂಚು ಎಂದರೂ ನಾಲ್ಕಾರು ವರ್ಷಗಳಲ್ಲಿ ಕಂಬ ಅಲ್ಲಾಡತೊಡಗುತ್ತದೆ.

ಇದು ನಮ್ಮ ಕಂಬಗಳ ಕಷ್ಟ ಮಾತ್ರವಲ್ಲ. ಎರೆನೆಲದಲ್ಲಿ ಕಟ್ಟಿದ ಮನೆಗಳ ಗೋಡೆ ಸೀಳುವುದೂ ಇದೇ ಕಾರಣದಿಂದ. ಇದಕ್ಕೆ ಪರಿಹಾರವಾಗಿ ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯವರು ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟು ಕಂಬಗಳ ತಳಪಾಯವನ್ನು ಬಳಕೆಗೆ ತಂದರು. ಮೇಲಿನ ಮಣ್ಣು ಎಷ್ಟೇ ಎಳೆದರೂ ಕೆಳಗಿನ ಗಡ್ಡೆ ಕಂಬವನ್ನು ಹಿಡಿದಿಡುತ್ತದೆ. ಮನೆಗೆ ಅದು ಹತ್ತು ಹನ್ನೆರಡು ಅಡಿ ಆಳಕ್ಕೆ ಹೋಗಬೇಕಾಗುತ್ತದೆ. ಟಪಾಲು ಪೆಟ್ಟಿಗೆಗೆ ಅಷ್ಟು ಬೇಕಿಲ್ಲ. ಆದರೆ ಮೇಲೆ ಕಿರಿದು, ಕೆಳಗೆ ಹಿರಿದು ಎಂಬ ಆ ಉಪಾಯ ನಮ್ಮ ಸಣ್ಣ ಕಂಬಕ್ಕೂ ಉಪಯುಕ್ತವಾಗಿದೆ.

ಯಾವ ಕಂಬ ಒಳ್ಳೆಯದು

1. ಶಹಾಬಾದ್ ಕಲ್ಲು. ನಮ್ಮ ಜಿಲ್ಲೆಯವರಿಗೆ ಇದಕ್ಕಿಂತ ತಕ್ಕ ಕಂಬ ಮತ್ತೊಂದಿಲ್ಲ. ಗೆದ್ದಲು ಹತ್ತುವುದಿಲ್ಲ, ಕೊಳೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಆರೂವರೆ ಅಡಿ ಉದ್ದ, 6 ಇಂಚು ಅಗಲ, 3 ಇಂಚು ದಪ್ಪದ ಕಲ್ಲು ಸಾಕು. ಇದು ಸುಮಾರು 60 ಕಿಲೋ ತೂಗುತ್ತದೆ, ಇಬ್ಬರು ಹೊರಬಹುದು. ಇದು ಪದರ ಪದರವಾಗಿ ಬೆಳೆದ ಸುಣ್ಣಕಲ್ಲಾದ್ದರಿಂದ ಆರಿಸುವಾಗ ಎಚ್ಚರಿಕೆ ಇರಬೇಕು. ಕಲ್ಲನ್ನು ಎತ್ತಿ ನಿಲ್ಲಿಸಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿರಿ. ಗಂಟೆಯಂತೆ ಸ್ವರ ಬಂದರೆ ಗಟ್ಟಿ. ಬೋದು ದನಿ ಬಂದರೆ ಒಳಗೆ ಪದರ ಬಿಟ್ಟಿದೆ ಎಂದು ತಿಳಿಯಿರಿ. ಅಡ್ಡಲಾಗಿ ಬಿಳಿ ಗೆರೆ ಹಾಯ್ದ ಕಲ್ಲು ಆ ಗೆರೆಯಲ್ಲಿಯೇ ಮುರಿಯುವ ಸಂಭವ ಹೆಚ್ಚು. ಅಂಥದನ್ನು ಬಿಡಿರಿ.

2. ಕಟ್ಟಿಗೆ. ಜಾಲಿ ಮತ್ತು ಸಾಗವಾನಿ ಚೆನ್ನ, ಬೇವು ಮಧ್ಯಮ. ಯಾವ ಮರವಾದರೂ ಬಲಿತ ಕೆಚ್ಚು ಇರಬೇಕು. ಹೊರಗಿನ ಬಿಳಿ ಭಾಗವನ್ನು ಗೆದ್ದಲು ಬಲುಬೇಗ ತಿನ್ನುತ್ತದೆ. ತೊಗಟೆ ಸುಲಿದು ನೆರಳಿನಲ್ಲಿ ಕೆಲವು ತಿಂಗಳು ಒಣಗಿಸಿದ ಮೇಲೆಯೇ ನೆಡಬೇಕು. ಕಟ್ಟಿಗೆಯ ಕಂಬವು ತುದಿಯಲ್ಲಿ ಅಥವಾ ತಳದಲ್ಲಿ ಮೊದಲು ಕೆಡುವುದಿಲ್ಲ, ನೆಲದ ಮಟ್ಟದಲ್ಲಿ ಕೆಡುತ್ತದೆ. ಹಸಿ ಮತ್ತು ಗಾಳಿ ಎರಡೂ ಕೂಡುವ ಜಾಗ ಅದೇ. ಆದುದರಿಂದ ಬುಡದಿಂದ ಹಿಡಿದು ನೆಲದ ಮೇಲೆ ಅರ್ಧ ಅಡಿಯವರೆಗೆ ಬಿಸಿ ಡಾಂಬರು ಎರಡು ಸಲ ಬಳಿಯಿರಿ. ಬುಡ ಸುಟ್ಟು ಕರಿ ಮಾಡಿ ನೆಡುವುದು ಹಳೆಯ ರೂಢಿ. ಬರೀ ಸುಡುವುದರಿಂದ ಬಾಳಿಕೆ ಅಷ್ಟೇನೂ ಹೆಚ್ಚುವುದಿಲ್ಲ. ಗೆದ್ದಲಿಗೆಂದು ಹಿಂದೆ ಬಿ.ಎಚ್.ಸಿ. ಪುಡಿ ಹಾಕುತ್ತಿದ್ದರು. ಅದನ್ನು ನಮ್ಮ ದೇಶದಲ್ಲಿ 1997ರಲ್ಲಿಯೇ ನಿಷೇಧಿಸಲಾಗಿದೆ. ಮೂಲೆಯಲ್ಲಿ ಹಳೆಯ ಪೊಟ್ಟಣ ಉಳಿದಿದ್ದರೆ ಉಪಯೋಗಿಸಕೂಡದು.

3. ಕಬ್ಬಿಣದ ಕೊಳವೆ. ಸತುವಿನ ಲೇಪವಿರುವ 2 ಇಂಚಿನ ಕೊಳವೆ ಹಗುರ, ನೆಡಲು ಸುಲಭ. ಆದರೆ ಹಸಿಯನ್ನು ಹಿಡಿದಿಡುವ ಎರೆಮಣ್ಣಿನಲ್ಲಿ ನೆಲದ ಮಟ್ಟಕ್ಕೆ ತುಕ್ಕು ಹತ್ತುತ್ತದೆ. ಕೊಳವೆಯ ಬಾಯಿ ಮುಚ್ಚಿರಬೇಕು, ನೆಲದ ಮಟ್ಟದಲ್ಲಿ ಡಾಂಬರು ಬಳಿದಿರಬೇಕು.

ಮನೆಯಲ್ಲಿ ಒಳ್ಳೆಯ ಜಾಲಿ ತುಂಡಿದ್ದರೆ ಅದನ್ನೇ ಬಳಸಿರಿ. ಹೊಸದಾಗಿ ತರುವವರು ಶಹಾಬಾದ್ ಕಲ್ಲನ್ನೇ ತರುವುದು ಲೇಸು.

ಜಾಗ ಮತ್ತು ಕಾಲ

ಕಂಬವು ನಿಮ್ಮ ಸ್ವಂತ ಜಾಗದೊಳಗೆ ಇರಬೇಕು. ರಸ್ತೆಯ ಅಂಚು ನಮ್ಮದಲ್ಲ. ಅಮೆರಿಕ ದೇಶದಲ್ಲಿ 1896ರಿಂದ ಹಳ್ಳಿಗಾಡಿನ ಮನೆಗಳಿಗೆ ಟಪಾಲು ಮುಟ್ಟಿಸುವ ಏರ್ಪಾಡು ಇದೆ. ಅಲ್ಲಿ ಪೆಟ್ಟಿಗೆಗಳು ರಸ್ತೆಯ ಅಂಚಿನಲ್ಲಿಯೇ ಇರುತ್ತವೆ. ಟಪಾಲಿನವರು ವಾಹನದಿಂದ ಇಳಿಯದೆ ಪತ್ರ ಹಾಕಿ ಹೋಗುತ್ತಾರೆ. ಅಂಥ ಕಂಬಗಳನ್ನು 24 ಇಂಚಿಗಿಂತ ಆಳಕ್ಕೆ ಹೂಳಬಾರದು, ವಾಹನ ಬಡಿದರೆ ಕಂಬ ಮುರಿಯಬೇಕೇ ಹೊರತು ಒಳಗಿದ್ದವರ ಜೀವಕ್ಕೆ ಅಪಾಯವಾಗಬಾರದು ಎಂಬುದು ಅಲ್ಲಿಯ ಸೂಚನೆ. ನಾವು ಕಲ್ಲಿನ ಕಂಬವನ್ನು ಗಟ್ಟಿಯಾಗಿ ನೆಡುವವರು. ಆದ್ದರಿಂದ ಅದನ್ನು ರಸ್ತೆಯ ಅಂಚಿನಿಂದ ದೂರ, ರಾತ್ರಿ ಬರುವ ಬೈಕಿಗೆ ಅಡ್ಡವಾಗದಂತೆ, ನಮ್ಮ ಬದುವಿನ ಒಳಗೆ ನೆಡಬೇಕು. ಹೊಲದ ದಾರಿಯ ತಿರುವಿನಲ್ಲಿ ನೆಟ್ಟರೆ ಟ್ರ್ಯಾಕ್ಟರಿನ ಟ್ರಾಲಿ ಬಡಿಯದೆ ಬಿಡುವುದಿಲ್ಲ. ದನಗಳು ಮೈ ತಿಕ್ಕುವ ಜಾಗವೂ ಬೇಡ.

ನೀರು ನಿಲ್ಲುವ ತಗ್ಗು ಬಿಟ್ಟು ಏರು ಜಾಗ ಆರಿಸಿರಿ. ಭೀಮಾ ದಂಡೆಯವರು ಹಳೆಯ ನೆರೆಯ ಮಟ್ಟ ನೋಡಿಕೊಳ್ಳಬೇಕು. 2020ರ ಅಕ್ಟೋಬರ್ ತಿಂಗಳಿನ ನೆರೆಯಲ್ಲಿ ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ದಂಡೆಯ ಊರುಗಳಿಗೆ ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದು ಎಲ್ಲರ ನೆನಪಿನಲ್ಲಿದೆ.

ನೆಡುವ ಕಾಲವೂ ಮುಖ್ಯ. ಕಡು ಬೇಸಿಗೆಯಲ್ಲಿ ನೆಲ ಪೂರ್ಣ ಕುಗ್ಗಿರುತ್ತದೆ. ಆಗ ನೆಟ್ಟರೆ ಮಳೆಗಾಲದಲ್ಲಿ ಮಣ್ಣು ಹಿಗ್ಗಿ ಕಂಬವನ್ನು ನೂಕುತ್ತದೆ. ಮಳೆಗಾಲದಲ್ಲಿ ನೆಟ್ಟರೆ ಬೇಸಿಗೆಯಲ್ಲಿ ಸುತ್ತಲೂ ಸಂದು ಬಿಡುತ್ತದೆ. ಸೀಗಿ ಹುಣ್ಣಿಮೆ ಕಳೆದ ಮೇಲೆ ಎಳ್ಳ ಅಮಾವಾಸ್ಯೆಯ ಒಳಗೆ ನೆಲ ಮಧ್ಯಮ ಹದದಲ್ಲಿ ಇರುತ್ತದೆ, ಅಗೆಯಲೂ ಸುಲಭ. ಅದೇ ಸರಿಯಾದ ಕಾಲ.

ನೆಡುವ ಕ್ರಮ

ಬೇಕಾಗುವ ಸಾಮಾನು: ಹಾರೆ, ಗುದ್ದಲಿ, ಸಲಿಕೆ, ನಾಲ್ಕೈದು ಬುಟ್ಟಿ ಗರಸು, ಜಲ್ಲಿ, ಉಸುಕು, ಸುಮಾರು 20 ಕಿಲೋ ಸಿಮೆಂಟು, ಒಂದು ಅಂಗೈ ಅಗಲದ ಚಪ್ಪಟೆ ಕಲ್ಲು, ತೂಗುಗುಂಡು. ತೂಗುಗುಂಡು ಇಲ್ಲದಿದ್ದರೆ ದಾರಕ್ಕೆ ಕಲ್ಲು ಕಟ್ಟಿದರೂ ಆಗುತ್ತದೆ.

ಮೊದಲನೆಯದು, ಕುಣಿ. ಪೌಣೆ ಮೂರು ಅಡಿ, ಎಂದರೆ 33 ಇಂಚು ಆಳ ತೆಗೆಯಿರಿ. ಬಾಯಿ ಒಂದೂಕಾಲು ಅಡಿ ಚೌಕ ಇರಲಿ. ತಳಕ್ಕೆ ಹೋದಂತೆ ಹಾರೆಯಿಂದ ಸುತ್ತಲೂ ಕೆತ್ತಿ ಒಂದೂಮುಕ್ಕಾಲು ಅಡಿಗೆ ಅಗಲಿಸಿರಿ. ನಾವು ಸಾಮಾನ್ಯವಾಗಿ ಬಾಯಿ ಅಗಲ, ತಳ ಚೂಪು ಮಾಡಿ ಅಗೆಯುತ್ತೇವೆ. ಎರೆನೆಲದಲ್ಲಿ ಅದು ತಿರುಗುಮುರುಗು. ಮೇಲೆ ಅಗಲವಾದ ಕಾಂಕ್ರೀಟನ್ನು ಹಿಗ್ಗುವ ಮಣ್ಣು ಅಣಬೆಯನ್ನು ಎತ್ತಿದ ಹಾಗೆ ಎತ್ತಿಬಿಡುತ್ತದೆ.

ಎರಡನೆಯದು, ತಳ. ಮೂರು ಇಂಚು ಗರಸು ಹಾಕಿ ಹಾರೆಯ ಹಿಂಬದಿಯಿಂದ ಚೆನ್ನಾಗಿ ಕುಟ್ಟಿರಿ. ಅದರ ಮೇಲೆ ಚಪ್ಪಟೆ ಕಲ್ಲು ಇಟ್ಟು ಕಂಬವನ್ನು ನಿಲ್ಲಿಸಿರಿ. ಈಗ ಎರಡೂವರೆ ಅಡಿ ಒಳಗೆ, ನಾಲ್ಕು ಅಡಿ ಹೊರಗೆ ಇರುತ್ತದೆ. ತಳಕ್ಕೆ ಸಡಿಲ ಜಲ್ಲಿ ಸುರಿಯಬೇಡಿರಿ. ಎರೆನೆಲ ನೀರನ್ನು ಬೇಗ ಬಿಟ್ಟುಕೊಡುವುದಿಲ್ಲವಾದ್ದರಿಂದ ಜಲ್ಲಿಯ ನಡುವೆ ನೀರು ನಿಂತು ಅದೊಂದು ಬಾವಿಯಾಗುತ್ತದೆ.

ಮೂರನೆಯದು, ತೂಗುಗುಂಡು. ಮುಂದಿನಿಂದ ಒಮ್ಮೆ, ಮಗ್ಗುಲಿನಿಂದ ಒಮ್ಮೆ ನೋಡಿ ನೆಟ್ಟಗಾದ ಮೇಲೆ ಮೂರು ಕಡೆ ಕೋಲು ಆನಿಸಿ ಬಿಗಿಯಿರಿ.

ನಾಲ್ಕನೆಯದು, ಕಾಂಕ್ರೀಟು. ಒಂದು ಪಾಲು ಸಿಮೆಂಟು, ಮೂರು ಪಾಲು ಉಸುಕು, ಆರು ಪಾಲು ಜಲ್ಲಿ ಕಲಸಿ ಕಂಬದ ಸುತ್ತ ಒಂದು ಅಡಿ ಎತ್ತರಕ್ಕೆ ತುಂಬಿರಿ. ಇದೇ ಕಂಬದ ಗಡ್ಡೆ.

ಐದನೆಯದು, ಗರಸು. ಎರಡು ದಿನ ಬಿಟ್ಟು ಉಳಿದ ಒಂದೂವರೆ ಅಡಿಯನ್ನು ಗರಸಿನಿಂದ ತುಂಬಿರಿ. ಒಮ್ಮೆಗೇ ತುಂಬದೆ ಅರ್ಧ ಅಡಿಗೆ ಒಂದು ಪದರದಂತೆ ಹಾಕಿ, ತುಸು ನೀರು ಚಿಮುಕಿಸಿ, ಪ್ರತಿ ಪದರವನ್ನೂ ಕುಟ್ಟಿರಿ. ತೆಗೆದ ಎರೆಮಣ್ಣನ್ನು ಕುಣಿಗೆ ಮರಳಿ ಹಾಕಲೇಬಾರದು. ಗರಸು ಹಿಗ್ಗುವುದಿಲ್ಲ, ಸುತ್ತಲಿನ ಎರೆಮಣ್ಣಿನ ನೂಕಾಟ ಕಂಬಕ್ಕೆ ಮುಟ್ಟದಂತೆ ಅದು ನಡುವೆ ನಿಲ್ಲುತ್ತದೆ.

ಆರನೆಯದು, ಮೇಲಿನ ಇಳಿಜಾರು. ಇಪ್ಪತ್ತು ಬುಟ್ಟಿ ಎರೆಮಣ್ಣಿಗೆ ಒಂದು ಬುಟ್ಟಿ ಸುಣ್ಣದ ಲೆಕ್ಕದಲ್ಲಿ ಬೆರೆಸಿ ಕಲಸಿ, ಕಂಬದ ಸುತ್ತ ಎರಡು ಅಡಿ ಅಗಲಕ್ಕೆ ಇಳಿಜಾರಾಗಿ ಮೆತ್ತಿರಿ. ಸುಣ್ಣ ಸೇರಿದಾಗ ಎರೆಮಣ್ಣಿನ ಹಿಗ್ಗುವ ಗುಣ ತಗ್ಗುತ್ತದೆ. ಮಳೆನೀರು ಬುಡದಲ್ಲಿ ನಿಲ್ಲದೆ ಹರಿದುಹೋಗುತ್ತದೆ. ಸುಣ್ಣ ಕೈಗೆ, ಕಣ್ಣಿಗೆ ತಾಕದಂತೆ ಎಚ್ಚರವಿರಲಿ.

ಕಟ್ಟಿಗೆಯ ಕಂಬವಾದರೆ ಕಾಂಕ್ರೀಟು ಬೇಡ. ಕಟ್ಟಿಗೆ ಒಣಗಿ ಕುಗ್ಗಿದಾಗ ಕಾಂಕ್ರೀಟಿಗೂ ಅದಕ್ಕೂ ನಡುವೆ ಸಂದು ಬಿದ್ದು ನೀರು ಇಳಿಯುತ್ತದೆ. ಬುಡಕ್ಕೆ ಅಡ್ಡಲಾಗಿ ಒಂದು ಅಡಿ ಉದ್ದದ ತುಂಡನ್ನು ಬಿಗಿದು, ಪೂರ್ತಿ ಗರಸಿನಿಂದಲೇ ಕುಟ್ಟಿ ತುಂಬಿರಿ. ಆ ಅಡ್ಡ ತುಂಡೇ ಗಡ್ಡೆಯ ಕೆಲಸ ಮಾಡುತ್ತದೆ.

ಆಳಂದದ ಕಡೆ ಮರಡಿ ನೆಲವಿದ್ದವರಿಗೆ ಒಂದೂವರೆ ಅಡಿಗೇ ಗಟ್ಟಿ ಗರಸು ಸಿಗುವುದುಂಟು. ಅವರು ಎರಡು ಅಡಿ ಅಗೆದು ಕುಟ್ಟಿ ನೆಟ್ಟರೂ ಸಾಕು. ಅಂಥ ನೆಲ ಹಿಗ್ಗುವುದಿಲ್ಲ.

ಪೆಟ್ಟಿಗೆ

ಕಾಂಕ್ರೀಟು ಹಾಕಿ ಒಂದು ವಾರವಾಗುವ ತನಕ ಪೆಟ್ಟಿಗೆ ಹಚ್ಚಬಾರದು. ಕಲ್ಲಿಗೆ ತೂತು ಕೊರೆಸಿದರೆ ಪದರ ಸೀಳಬಹುದು. ಅದರ ಬದಲು ಅಂಚಿನಲ್ಲಿ ಕಾಲು ಇಂಚಿನ ಕಚ್ಚು ಮೆಲ್ಲಗೆ ಹೊಡೆಸಿ, ಎರಡು ಕಬ್ಬಿಣದ ಪಟ್ಟಿಗಳನ್ನು ಕಂಬಕ್ಕೆ ಸುತ್ತಿ ನಟ್ಟು ಬೋಲ್ಟಿನಿಂದ ಬಿಗಿಯಿರಿ. ನಡುವೆ ಸೈಕಲ್ಲಿನ ಹಳೆಯ ಟ್ಯೂಬಿನ ತುಂಡು ಇಟ್ಟರೆ ಜಾರುವುದಿಲ್ಲ.

ಪೆಟ್ಟಿಗೆಯ ಬಾಯಿ ನೆಲದಿಂದ ನಾಲ್ಕು ಅಡಿಗೆ ತುಸು ಕೆಳಗೆ ಇದ್ದರೆ ಬೈಕಿನ ಮೇಲೆ ಕುಳಿತವರಿಗೂ, ನಡೆದು ಬಂದವರಿಗೂ ಕೈಗೆ ಎಟುಕುತ್ತದೆ. ಬಾಯಿಯ ಅಗಲ ಹತ್ತೂವರೆ ಇಂಚು ಇರಲಿ, ಉದ್ದ ಲಕೋಟೆ ಮಡಚದೆ ಒಳಗೆ ಹೋಗುತ್ತದೆ. ಮುಂಗಾರಿನ ಗಾಳಿ ನೈರುತ್ಯ ಮತ್ತು ಪಡುವಣದಿಂದ ಬೀಸುವುದರಿಂದ ಬಾಯಿ ಮೂಡಣಕ್ಕೋ ಬಡಗಣಕ್ಕೋ ಇರಬೇಕು. ಮೇಲೆ ಇಳಿಜಾರು ಮುಚ್ಚಳ, ಬಾಯಿಯ ಮೇಲೆ ಎರಡು ಇಂಚಿನ ಚಾಚು, ತಳದಲ್ಲಿ ನೀರು ಬಸಿಯಲು ಎರಡು ಸಣ್ಣ ತೂತು ಇವು ಅವಶ್ಯ. ಕೀಲಿ ಹಾಕಿರಿ. ಒಬ್ಬರ ಪತ್ರವನ್ನು ಮತ್ತೊಬ್ಬರು ಒಡೆಯುವುದು ಸರಿಯಲ್ಲ, ಮನೆಯೊಳಗಾದರೂ ಅಷ್ಟೆ.

ಪೆಟ್ಟಿಗೆಯ ಮೇಲೆ ಮನೆಯವರ ಹೆಸರು, ಊರು, ತಾಲ್ಲೂಕು, ಪಿನ್ ಕೋಡ್ ಸ್ಪಷ್ಟವಾಗಿ ಬರೆಸಿರಿ. ಪಿನ್ ಕೋಡ್ ಪದ್ಧತಿ 1972ರ ಆಗಸ್ಟ್ 15ರಂದು ಜಾರಿಗೆ ಬಂತು. 585 ಎಂಬ ಮೊದಲ ಮೂರು ಅಂಕಿಗಳು ಕಲಬುರಗಿ, ಬೀದರ, ಯಾದಗಿರಿ ಭಾಗವನ್ನು ಸೂಚಿಸುತ್ತವೆ. ಉಳಿದ ಮೂರು ನಿಮ್ಮ ಅಂಚೆ ಕಚೇರಿಯನ್ನು ಸೂಚಿಸುತ್ತವೆ. ಅಫಜಲಪುರ ಪಟ್ಟಣಕ್ಕೆ 585301, ಆಳಂದಕ್ಕೆ 585302, ಜೇವರ್ಗಿಗೆ 585310. ಹಳ್ಳಿಗಳಿಗೆ ಬೇರೆ ಇರಬಹುದು, ಕೇಳಿ ಬರೆಸಿರಿ. ಪುಣೆಗೋ ಮುಂಬಯಿಗೋ ಹೈದರಾಬಾದಿಗೋ ದುಡಿಯಲು ಹೋದ ಮಕ್ಕಳಿಗೆ ಈ ವಿಳಾಸವನ್ನು ಇದ್ದಕ್ಕಿದ್ದ ಹಾಗೆ ಬರೆದು ಕೊಡಿರಿ.

ಕೂಡಿ ಮಾಡಿದರೆ ಇನ್ನೂ ಲೇಸು

ಒಂದೇ ಹೊಲದ ದಾರಿಯಲ್ಲಿ ನಾಲ್ಕೈದು ಮನೆಗಳಿದ್ದರೆ ಪ್ರತಿಯೊಬ್ಬರೂ ಕಂಬ ನೆಡಬೇಕಾಗಿಲ್ಲ. ದಾರಿಯ ಬಾಯಿಯಲ್ಲಿ, ಒಬ್ಬರು ಒಪ್ಪಿ ಕೊಟ್ಟ ಜಾಗದಲ್ಲಿ, ಎರಡು ಕಲ್ಲುಕಂಬ ನೆಟ್ಟು ಅಡ್ಡಪಟ್ಟಿಗೆ ಐದು ಪೆಟ್ಟಿಗೆ ಹಚ್ಚಬಹುದು. ಖರ್ಚು ಹಂಚಿಹೋಗುತ್ತದೆ. ಕೆಸರಿನ ದಿನಗಳಲ್ಲಿ ಟಪಾಲಿನವರು ಐದೂ ಮನೆಗಳಿಗೆ ಎರೆಹೊಲ ತುಳಿದು ಹೋಗುವ ಕಷ್ಟ ತಪ್ಪುತ್ತದೆ. ಒಂದು ದಿನದ ಶ್ರಮದಾನದಿಂದ ಆಗುವ ಕೆಲಸ ಇದು. ಹೀಗೆ ಮಾಡುವವರು ಮೊದಲೇ ಅಂಚೆ ಕಚೇರಿಯವರ ಒಪ್ಪಿಗೆ ಪಡೆಯಬೇಕು.

ನಂತರದ ಆರೈಕೆ

ಮೊದಲ ದೊಡ್ಡ ಮಳೆಯ ಮರುದಿನ ಒಮ್ಮೆ, ಏಪ್ರಿಲ್ ತಿಂಗಳಲ್ಲಿ ಒಮ್ಮೆ, ಹೀಗೆ ವರ್ಷಕ್ಕೆ ಎರಡು ಸಲ ಕಂಬವನ್ನು ನೋಡಿರಿ. ಮಳೆಯ ನಂತರ ಬುಡದಲ್ಲಿ ನೀರು ನಿಂತಿದ್ದರೆ ಇಳಿಜಾರು ಸರಿಪಡಿಸಿರಿ. ಬೇಸಿಗೆಯಲ್ಲಿ ಸಂದು ಕಂಡರೆ ಕಸ ಬೀಳುವ ಮೊದಲು ಸಣ್ಣ ಗರಸು ತುಂಬಿ ಕುಟ್ಟಿರಿ. ಪೆಟ್ಟಿಗೆಯೊಳಗೆ ಕಣಜ ಗೂಡು ಕಟ್ಟಿದ್ದರೆ ತೆಗೆಯಿರಿ. ಪತ್ರ ಹಾಕಲು ಬಂದವರ ಕೈಗೆ ಕಣಜ ಕಚ್ಚಿದರೆ ಮರುದಿನ ಅವರು ಪೆಟ್ಟಿಗೆಯ ಹತ್ತಿರ ಬರುವುದಿಲ್ಲ.

ನೆನಪಿಡತಕ್ಕ ಮಾತುಗಳು ಇಷ್ಟು. ಕಂಬ ಕಲ್ಲಿನದಿರಲಿ. ಕುಣಿ ಮೇಲೆ ಕಿರಿದು, ಕೆಳಗೆ ಹಿರಿದಿರಲಿ. ಎರೆಮಣ್ಣು ಕುಣಿಗೆ ಮರಳದಿರಲಿ. ಬುಡದಲ್ಲಿ ನೀರು ನಿಲ್ಲದಿರಲಿ. ಇಷ್ಟು ಮಾಡಿದವರ ಕಂಬವನ್ನು ಎರೆನೆಲ ಸುಲಭಕ್ಕೆ ವಾಲಿಸಲಾರದು. ಇದೇ ಕ್ರಮದಿಂದ ಅಂಗಳದ ದೀಪದ ಕಂಬ, ಗೇಟಿನ ಕಂಬಗಳನ್ನೂ ನೆಡಬಹುದು. ಈ ವರ್ಷದ ಸೀಗಿ ಹುಣ್ಣಿಮೆ ಕಳೆದ ಕೂಡಲೆ ಗುದ್ದಲಿ ಹಿಡಿಯಿರಿ. ಮುಂದಿನ ಮುಂಗಾರಿನಲ್ಲಿ ನಿಮ್ಮ ಮನೆಗೆ ಬರುವ ಪತ್ರ ಒಣಗಿರುತ್ತದೆ, ಗಡುವಿನೊಳಗೆ ಕೈ ಸೇರುತ್ತದೆ.